ತುರಿಕೆಗೆ ನಾಚದ ಹಾಲಮ್ಮ

ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯೊಂದನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ ಹೆಂಗಸನ್ನು ನಾನು ಕಂಡದ್ದು ಒಬ್ಬರನ್ನೇ. ಹರಿಹರದ ಹಾಲಮ್ಮ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಡಯಾಲಿಸಿಸ್ ಕೇಂದ್ರದಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದರು. ಎಡಗೈಗೆ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದ ಮೇಲೆ ನಾಲ್ಕು ಗಂಟೆ ಆ ಕೈ ಅಲುಗಿಸುವಂತಿಲ್ಲ. ಬಲಗೈಯಲ್ಲಿ ಆ ತೆನೆ ಹಿಡಿದು, ಕುತ್ತಿಗೆ, ಪಕ್ಕೆ, ಬೆನ್ನು ಎಲ್ಲವನ್ನೂ ಕಣ್ಣು ಮುಚ್ಚಿ ತಿಕ್ಕಿಕೊಳ್ಳುವರು. ಕೈಗೆಟುಕದ ಜಾಗಕ್ಕೆ ನರ್ಸೇ ಬರಬೇಕು.

"ಸಿಸ್ಟರ್, ಸ್ವಲ್ಪ ಕೆಳಗೆ... ಅಲ್ಲಲ್ಲ, ಎಡಕ್ಕೆ... ಹಾಂ, ಅಲ್ಲೇ! ನಿನ್ನ ಹೊಟ್ಟೆ ತಣ್ಣಗಿರ್ಲವ್ವ."

ಕಿಡ್ನಿ ಕೆಟ್ಟವರಿಗೆ ಈ ತುರಿಕೆ ಹೊಸದಲ್ಲ. ಮೈಮೇಲೆ ಗುಳ್ಳೆಯಿಲ್ಲ, ಕಜ್ಜಿಯಿಲ್ಲ. ಚರ್ಮದ ಒಳಗೆ ಇರುವೆ ಸಾಲು ಹರಿದಂತೆ. ನಾವೆಲ್ಲ ಅದನ್ನು ಕದ್ದುಮುಚ್ಚಿ ಕೆರೆದುಕೊಳ್ಳುತ್ತಿದ್ದೆವು. ಹಾಲಮ್ಮನವರಿಗೆ ಆ ಸಂಕೋಚವಿರಲಿಲ್ಲ. ಹರಿಹರದ ಬಸ್‌ಸ್ಟ್ಯಾಂಡ್ ಹತ್ತಿರ ಗಂಡನ ಜೊತೆ ಖಾನಾವಳಿ ನಡೆಸುತ್ತಿದ್ದ ಅವರಿಗೆ ಗಿರಾಕಿಗಳನ್ನು ಗದರಿಸಿ ಉಣ್ಣಿಸಿಯೇ ರೂಢಿ. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಒಮ್ಮೆ ಬಸ್ಸಿನಲ್ಲಿ ಇವರ ತೋಳಿನ ಗೀರುಗಳನ್ನು ಕಂಡ ಹೆಂಗಸೊಬ್ಬಳು ಸೆರಗು ಮುದುರಿಕೊಂಡು ಎದ್ದು ನಿಂತಳಂತೆ. ಅದನ್ನು ನಮಗೆಲ್ಲ ಕೇಳುವಂತೆ ವರ್ಣಿಸಿದರು. "ಕೂತ್ಕಾ ತಾಯಿ, ಇದು ಅಂಟೋ ರೋಗ ಅಲ್ಲ ಅಂದೆ. ಅಂಟಂಗಿದ್ದಿದ್ರೆ ನಮ್ಮ ಯಜಮಾನ್ರಿಗೆ ಯಾವಾಗ್ಲೋ ಅಂಟಿಸಿರ್ತಿದ್ದೆ. ಮೂವತ್ತು ವರ್ಷ ಆತು, ಇಬ್ರಿಗೂ ಒಂದೇ ಕೌದಿ!" ಬಸ್ಸಿಗೆ ಬಸ್ಸೇ ನಕ್ಕಿತಂತೆ. ಆ ಹೆಂಗಸು ಕೂತಳೋ ಇಲ್ಲವೋ ಹೇಳಲಿಲ್ಲ. ಕೇಳಿದರೆ ಮುಖ ಆ ಕಡೆ ತಿರುಗಿಸಿಕೊಂಡರು.

ನಾನು ದಾವಣಗೆರೆಯದೇ ಬಡಾವಣೆ ನಿಟ್ಟುವಳ್ಳಿಯ ಶಾಲೆಯೊಂದರ ಗಣಿತ ಮೇಷ್ಟ್ರು. ಮಾರ್ಚ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಬರೆಯುವಾಗ ಮುಂದಿನ ಬೆಂಚಿನ ಹುಡುಗಿ, "ಸಾರ್, ಅಂಗಿಗೆ ಕೆಂಪು ಇಂಕು" ಎಂದಳು. ಹೌದಮ್ಮ ಎಂದೆ. ಅದು ಕೆರೆದು ಬಂದ ರಕ್ತ. ನಿದ್ದೆಗೆಟ್ಟು ಸುಲಭದ ಲೆಕ್ಕಗಳೂ ತಪ್ಪುತ್ತಿದ್ದವು. ಕೆಲಸ ಬಿಡುವುದೇ ಮೇಲೆಂದು ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಹಾಲಮ್ಮನವರೊಬ್ಬರಿಗೇ ಅದನ್ನು ಹೇಳಿದ್ದೆ. ಅದೇ ನಾನು ಮಾಡಿದ ತಪ್ಪು.

ಮುಂದಿನ ಡಯಾಲಿಸಿಸ್ಸಿನಲ್ಲಿ ಡಾಕ್ಟರು ಬಂದು ತೊಂದರೆ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ ಎಂದೆ.

"ಸುಳ್ಳು ಸರ್!" ಪಕ್ಕದ ಹಾಸಿಗೆ ಗುಡುಗಿತು. "ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಹೇಳೋ ಮೇಷ್ಟ್ರು ಇವ್ರು. ಆ ತೋಳು ಮ್ಯಾಲೆತ್ತಿ ನೋಡ್ರಿ, ಮುಳ್ಳುಬೇಲಿ ಹಾರಿದಂಗೈತೆ. ಕೆಲಸ ಬೇರೆ ಬಿಡ್ತಾರಂತೆ!"

ನನಗೆ ಹಾಸಿಗೆಯೊಳಗೆ ಇಳಿದುಹೋಗುವಷ್ಟು ಅವಮಾನ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್, ಏರಿ ತುರಿಕೆ ಹೆಚ್ಚಿದೆ, ಡಯಾಲಿಸಿಸ್ ಮುಗಿಯುವ ಅರ್ಧ ಗಂಟೆ ಮೊದಲೇ ಎದ್ದುಹೋಗುವುದನ್ನು ಬಿಡಬೇಕು, ಸ್ನಾನವಾದೊಡನೆ ಮುಲಾಮು ಹಚ್ಚಬೇಕು ಎಂದು ಹೇಳಿ, ತುರಿಕೆಗೊಂದು ಸಣ್ಣ ಮಾತ್ರೆಯನ್ನೂ ಬರೆದರು. ಆಮೇಲೆ ಹಾಲಮ್ಮನವರ ಫೈಲು ತೆರೆದರು. ಅವರ ರಂಜಕ ನನ್ನದಕ್ಕಿಂತ ಎತ್ತರದಲ್ಲಿತ್ತು.

"ರಂಜಕ ಇಳಿಸೋ ಮಾತ್ರೆ ಯಾವಾಗ ತಗೋತೀರಿ?"

"ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವ್ರ ಮುಂದೆ ನಿಂತು, ಮೂರೂ ಒಟ್ಟಿಗೆ ಸರ್. ಒಂದಿನಾನೂ ತಪ್ಸಿಲ್ಲ."

ಡಾಕ್ಟರು ಹಣೆ ಒತ್ತಿಕೊಂಡರು. ಅದು ಊಟದಲ್ಲಿನ ರಂಜಕವನ್ನು ಹಿಡಿಯಲು ಮೂರು ಹೊತ್ತೂ ಊಟದ ಜೊತೆ ಒಂದೊಂದಾಗಿ ತೆಗೆದುಕೊಳ್ಳಬೇಕಾದ ಮಾತ್ರೆ. ಬರಿಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ರಂಜಕ ಹೆಚ್ಚಿರುವ ಹಾಲು, ಶೇಂಗಾ ಚಟ್ನಿ ಕಡಿಮೆ ಮಾಡಿ ಎಂದೂ ಹೇಳಿದರು.

"ನನ್ನ ಹೆಸರೇ ಹಾಲಮ್ಮ ಸರ್. ಹಾಲು ಬ್ಯಾಡ ಅಂದ್ರೆ ಇನ್ಮ್ಯಾಲೆ ಬರೀ ಅಮ್ಮ ಅಂತ ಕರೀರಿ."

ಈ ಸಲ ನಗುವ ಸರದಿ ನನ್ನದು. "ಊರಿಗೆಲ್ಲ ಊಟ ಹಾಕ್ತೀರಿ, ನಿಮ್ಮ ಮಾತ್ರೆ ಮಾತ್ರ ಉಪವಾಸ" ಎಂದು ಛೇಡಿಸಿದೆ. "ಸುಮ್ನಿರ್ರಿ ಮೇಷ್ಟ್ರೇ, ನಿಮ್ಮ ಮರ್ಯಾದೆ ಈಗಷ್ಟೇ ಹೋಗೈತೆ" ಎಂದರು.

ಒಂದು ತಿಂಗಳು ಕಳೆಯುವಷ್ಟರಲ್ಲಿ ನನಗೆ ನಿದ್ದೆ ಬರತೊಡಗಿತು. ರಾಜೀನಾಮೆ ಪತ್ರ ಅಂಗಿಯ ಜೊತೆ ನೀರಿಗೆ ಬಿದ್ದು ಹಿಟ್ಟಾಯಿತು, ಇನ್ನೊಂದು ಬರೆಯಲಿಲ್ಲ. ಹಾಲಮ್ಮನವರ ತುರಿಕೆ ಇಳಿಯಿತಾದರೂ ಬೆನ್ನನ್ನು ಪೂರ್ತಿ ಬಿಡಲಿಲ್ಲ.

ಹೋದ ವರ್ಷ ಒಂದು ಸೋಮವಾರ ಪಕ್ಕದ ಹಾಸಿಗೆ ಖಾಲಿ ಇತ್ತು. ಬೆಳಿಗ್ಗೆ ಮನೆಯಲ್ಲೇ ಹೃದಯ ನಿಂತಿತಂತೆ, ಸಿಸ್ಟರ್ ಹೇಳಿದರು.

ಹದಿನೈದು ದಿನ ಬಿಟ್ಟು ಹರಿಹರಕ್ಕೆ ಹೋದೆ. ಖಾನಾವಳಿ ತೆರೆದಿತ್ತು. ಅವರ ಯಜಮಾನರು, ಹೆಂಡತಿಯೆದುರು ಬಾಯಿ ತೆರೆಯಲು ಎಂದೂ ಅವಕಾಶ ಸಿಗದ ಮನುಷ್ಯ, ನನ್ನೆದುರು ಕೂತು ಬಹಳ ಹೊತ್ತು ಮೇಜು ಒರೆಸಿದರು.

"ನಾಲ್ಕು ವರ್ಷ ದಿನಾ ರಾತ್ರಿ ಎದ್ದು ಬೆನ್ನು ಕೆರೀತಿದ್ದೆ ರೀ ಮೇಷ್ಟ್ರೇ. ಬೈಕೋತಾ ಕೆರೀತಿದ್ದೆ. ಈಗ ಆರಾಮ ನಿದ್ದೆ ಮಾಡಬೌದು. ಆದ್ರ ಅದೇ ಹೊತ್ತಿಗೆ ಎಚ್ಚರ ಆಗ್ತೈತೆ. ನನಗೆ ತಿಳಿಯೋದ್ರಾಗೆ ಕೈ ಆ ಕಡೆ ಹೋಗಿರ್ತೈತೆ."