ಕಾಲು ಮುಂದಾಗಿ ಬಂದವಳು

ನಮ್ಮೂರಿನ ಗಣ್ಯರಲ್ಲಿ ಬಹಳಷ್ಟು ಜನರನ್ನು ನಾನು ಒದ್ದಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಒದೆಸಿಕೊಂಡವರಿಗೂ ಇದೆ. ಮೆಣಸಿನಕಾಯಿ ಅಡತಿಯ ಸಾಹುಕಾರರು, ಪಂಚಾಯ್ತಿ ಕಟ್ಟೆಯಲ್ಲಿ ನ್ಯಾಯ ಹೇಳುವ ಹಿರಿಯರು, ಮುಹೂರ್ತ ತೆಗೆದುಕೊಡುವ ಅಯ್ಯನವರು, ಎಲ್ಲರೂ ನಮ್ಮ ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಂತು, ನನ್ನ ಎಡಗಾಲನ್ನು ಬೆನ್ನಿಗೆ ತಾಗಿಸಿಕೊಂಡು, ನಡು ನೆಟ್ಟಗೆ ಮಾಡಿಕೊಂಡು ಹೋದವರೇ.

ಕಾರಣ ಇಷ್ಟೇ. ಬೇರೆ ಕೂಸುಗಳು ತಲೆ ಮುಂದಾಗಿ ಹುಟ್ಟಿದರೆ, ಗುತ್ತಲದ ಅಜ್ಜನ ಮನೆಯಲ್ಲಿ ನಾನು ಕಾಲು ಮುಂದಾಗಿ ಹುಟ್ಟಿದೆ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಇದನ್ನು ಮೊದಲು ಕಂಡುಹಿಡಿದವರು ಯಾರೋ ತಿಳಿಯದು. ಯಾವಳೋ ಹೆಂಡತಿ ಸಿಟ್ಟಿನಲ್ಲಿ ಮಾಡಿದ ಕೆಲಸಕ್ಕೆ ಆಮೇಲೆ ಶಾಸ್ತ್ರದ ಹೊದಿಕೆ ಹೊದಿಸಿರಬೇಕೆಂದು ನನ್ನ ಗುಮಾನಿ. ಏನೇ ಇರಲಿ, ಇಡೀ ಶಾಲೆಯನ್ನು ಬೆತ್ತದಿಂದ ನಡುಗಿಸುತ್ತಿದ್ದ ಹೆಡ್‌ಮಾಸ್ತರರು ಒಂದು ದಿನ ನನ್ನೊಬ್ಬಳನ್ನೇ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಬೆನ್ನು ತಿರುಗಿಸಿ ನಿಂತರು. ಅವರಿಗೆ ಗುಣವಾಯಿತೋ ಇಲ್ಲವೋ, ನನಗಂತೂ ಆ ವರ್ಷ ಏಟು ಬೀಳಲಿಲ್ಲ.

ನನ್ನ ಮದುವೆಯಾದದ್ದೂ ಈ ಕಾಲಿನ ದೆಸೆಯಿಂದಲೇ. ಬ್ಯಾಡಗಿಯಿಂದ ಹೆಣ್ಣು ನೋಡಲು ಬಂದ ನನ್ನ ಅತ್ತೆಗೆ ಹಳೆಯ ನಡುನೋವು. ಹುಡುಗಿಗೆ ಅಡುಗೆ ಅಷ್ಟಕ್ಕಷ್ಟೇ ಎಂದು ನಮ್ಮವ್ವ ಮೆಲ್ಲಗೆ ಹೇಳಿದಾಗ ಅವರು, "ಅಡಿಗಿ ಬರದಿದ್ರ ನಾ ಕಲಿಸ್ತೇನಿ. ಕಾಲು ಮುಂದಾಗಿ ಹುಟ್ಟೋದನ್ನ ಕಲಿಸಾಕ ಆಗ್ತೈತೇನು?" ಎಂದು ಮಾತು ಮುಗಿಸಿದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ, ಊರವರ ಎದುರೇ, ಅವರ ಅಪ್ಪಣೆಯ ಮೇರೆಗೇ ಅತ್ತೆಯನ್ನು ಒದೆಯುವ ಭಾಗ್ಯ ನನ್ನದಾಯಿತು. ಲೋಕದ ಎಷ್ಟು ಸೊಸೆಯರು ಇದನ್ನು ಬರೀ ಕನಸಿನಲ್ಲಿ ಕಂಡಿದ್ದಾರೆಂದು ನಾನು ಕೇಳಲು ಹೋಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ನಮ್ಮ ಅತ್ತೆಗೆ ಎರಡೂ ಹೆಚ್ಚು. ಆದರೂ ನಮ್ಮಿಬ್ಬರ ನಡುವೆ ಮಾತು ಮುರಿಯದೇ ಉಳಿದದ್ದು ಈ ಅಮಾವಾಸ್ಯೆಗಳಿಂದಲೇ ಎಂದು ನನಗೆ ಖಾತ್ರಿಯಿದೆ.

ಇಂಥ ಕಾಲು ಹೋದ ವರ್ಷ ಕೈಕೊಟ್ಟಿತು. ಮೊದಲು ಕುತ್ತಿಗೆ ಬಿಗಿಯಿತು. ಬಲಗೈ ಬೆರಳುಗಳಲ್ಲಿ ಇರುವೆ ಹರಿದಂತಾಗಿ ರೊಟ್ಟಿ ಬಡಿಯುವುದು ನಿಂತಿತು. ಆಮೇಲೆ ನಡುವಿನಿಂದ ಒಂದು ಸೆಳೆತ ಹೊರಟು ತೊಡೆ, ಮೀನಖಂಡ ದಾಟಿ ಎಡಗಾಲಿನ ಹೆಬ್ಬೆರಳಿಗೆ ಬಂದು ಕೂತಿತು. ನಮ್ಮೂರಲ್ಲಿ ಹಂಗಾಮು ಬಂತೆಂದರೆ ಗಾಳಿಯಲ್ಲೇ ಖಾರ. ಪರಊರಿನವರು ಸೀನಿದರೆ ನಾವು ನಗುವವರು. ಆ ಸಲ ನಾನೇ ಸೀನಿದೆ. ಒಂದೊಂದು ಸೀನಿಗೂ ನಡುವಿನಲ್ಲಿ ಮಿಂಚು ಹೊಡೆದಂತಾಗಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ. ಕಡೆಗೊಂದು ಬೆಳಗ್ಗೆ ಹೆಬ್ಬೆರಳು ಜೋಮು ಹಿಡಿದದ್ದು ಬಿಡಲೇ ಇಲ್ಲ. ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದದ್ದೂ ತಿಳಿಯದೆ ಬೀದಿಯಲ್ಲಿ ನಡೆದುಹೋಗಿದ್ದೆ.

ನೋವನ್ನು ತಡೆಯಬಹುದಿತ್ತು, ಮರ್ಯಾದೆ ಹೋಗುವುದನ್ನು ತಡೆಯಲಾಗಲಿಲ್ಲ. ಊರಿನ ಬೆನ್ನು ನೋಡುವವಳ ಬೆನ್ನೇ ಹೋಯಿತೆಂದರೆ ಜನ ಏನಂದಾರು? ನನ್ನನ್ನು ಒದೆಯಲು ಇನ್ನಾರಿದ್ದಾರೆ? ಬಂದವರಿಗೆ ಜ್ವರ, ಉಪವಾಸ ಎಂದು ಏನೇನೋ ನೆವ ಹೇಳಿ ಕಳಿಸುತ್ತಿದ್ದೆ. ಈ ಕಾಲಿಲ್ಲದಿದ್ದರೆ ಈ ಮನೆಯಲ್ಲಿ ನಾನು ಯಾರು ಎಂಬ ಭಯ ಒಳಗೊಳಗೇ ತಿನ್ನುತ್ತಿತ್ತು. ಅಮಾವಾಸ್ಯೆ ಬಂತು. ಅತ್ತೆ ಬೆನ್ನು ಕೊಟ್ಟು ನಿಂತರು. ನಾನು ಕಾಲೆತ್ತಿದೆ, ಅದು ಮೊಣಕಾಲಿನಷ್ಟು ಎತ್ತರಕ್ಕೂ ಏಳಲಿಲ್ಲ. ಅವರು ತಿರುಗಿ ನೋಡಿದರು.

"ಎಷ್ಟು ದಿನಾ ಆತು?"

"ಬಾಳ ದಿನಾ ಆತ್ರಿ."

"ನಿನ್ನ ಕಾಲು ನಿಂದಷ್ಟ ಐತೇನು? ನನ್ನ ನಡಾ ಅದರ ಮ್ಯಾಲೆ ಐತಿ. ನಡಿ, ರಾಣೆಬೆನ್ನೂರಿಗೆ ಹೋಗೂಣು."

ರಾಣೆಬೆನ್ನೂರಿನಲ್ಲಿ ಬೆನ್ನು, ಕುತ್ತಿಗೆಯ ಹಟಮಾರಿ ನೋವುಗಳನ್ನು ಕತ್ತರಿ ಹಾಕದೆ ನೋಡುವ ಕೈರೊಪ್ರಾಕ್ಟಿಕ್ ದವಾಖಾನೆಯೊಂದಿದೆ. ಡಾಕ್ಟರು ಒಬ್ಬ ಹುಡುಗಿ, ಹಲಗೇರಿಯವಳಂತೆ. ಬೆನ್ನು ಮುಟ್ಟುವ ಮೊದಲು ನನ್ನನ್ನು ಹಿಮ್ಮಡಿಯ ಮೇಲೆ ನಡೆಸಿದಳು. ಎಡಪಾದ ಕೆಳಗೆ ಜೋತುಬಿತ್ತು. ಆಮೇಲೆ ಸ್ಕ್ಯಾನ್ ಮಾಡಿಸಿ, ಅದರ ಚಿತ್ರ ಹಿಡಿದು, "ಎರಡು ಎಲುಬಿನ ನಡುವಿನ ಮೆತ್ತಿ ಹೊರಗ ಉಬ್ಬಿ ನರ ಒತ್ತಾಕತ್ತೈತ್ರಿ. ಕುತ್ತಿಗ್ಯಾಗೂ ಹಂಗ ಐತಿ. ಅದಕ್ಕ ಜಾಗಾ ಮಾಡಿಕೊಟ್ಟು ನೋಡೂಣು. ಕಾಲಿನ ಶಕ್ತಿ ಇನ್ನೂ ಕಡಿಮಿ ಆಗಾಕತ್ತಿದ್ರ ನಾನ ನಿಮ್ಮನ್ನ ಆಪರೇಷನ್ ಮಾಡೋರ ಕಡೆ ಕಳಸ್ತೇನಿ," ಎಂದಳು.

ಲಟಕ್ಕೆಂದು ಕುತ್ತಿಗೆ ತಿರುವುತ್ತಾರೆಂದು ನಾನು ಹಲ್ಲು ಕಚ್ಚಿ ಮಲಗಿದ್ದೆ. ಅಂಥದ್ದೇನೂ ಆಗಲಿಲ್ಲ. ಸೊಂಟಕ್ಕೊಂದು, ಪಕ್ಕೆಲುಬಿನ ಕೆಳಗೊಂದು ಪಟ್ಟಿ ಬಿಗಿದರು. ಮೇಜು ಮೆಲ್ಲಗೆ ಎಳೆಯಿತು, ಸ್ವಲ್ಪ ಹೊತ್ತು ಹಿಡಿಯಿತು, ಮೆಲ್ಲಗೆ ಬಿಟ್ಟಿತು, ಮತ್ತೆ ಎಳೆಯಿತು. ನನಗೆ ನಿಜಕ್ಕೂ ಅವಮಾನವಾಯಿತು. ಜೀವಮಾನವಿಡೀ ಒದ್ದು ಒದ್ದು ಹೆಸರು ಮಾಡಿದವಳಿಗೆ ಇಷ್ಟು ಮೃದುವಾದ ಚಿಕಿತ್ಸೆಯೇ? ಮೂರನೆಯ ಸಲ ಹೋದಾಗ ಆ ಮೇಜಿನ ಮೇಲೆ ಗೊರಕೆ ಹೊಡೆದೆನಂತೆ. ಅತ್ತೆ ಅದನ್ನು ಬಸ್ಸಿನಲ್ಲಿ ಎಲ್ಲರಿಗೂ ಹೇಳಿದರು.

ಬೆನ್ನು ನಮ್ಮದೇ ಆದರೂ ನಾವು ಕಾಣಲಾಗದ್ದು. ಅದಕ್ಕೇ ಇರಬೇಕು, ಬೆನ್ನಿಗೆ ನಿಲ್ಲುವವರು ಬೇಕು, ಬೆನ್ನು ತಟ್ಟುವವರು ಬೇಕು ಅನ್ನುತ್ತೇವೆ. ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸಲು ನಂಬಿಕೆ ಬೇಕು. ನಮ್ಮ ಅತ್ತೆಗೆ ಅದು ಸುಲಭಕ್ಕೆ ಬರುವಂಥದ್ದಲ್ಲ. ಒಂದು ದಿನ ನನ್ನನ್ನು ಮೇಜಿಗೆ ಕಟ್ಟುತ್ತಿದ್ದಾಗ ಡಾಕ್ಟರನ್ನೇ ತಡೆದು ಕೇಳಿದರು.

"ಎಲ್ಲಾ ಖರೇ. ನೀ ಹೆಂಗ ಹುಟ್ಟೀದಿ? ತಲಿ ಮುಂದೋ, ಕಾಲು ಮುಂದೋ?"

ಆಕೆ ನಕ್ಕಳು. "ನಮ್ಮವ್ವನ ಹೊಟ್ಟಿ ಕೊಯ್ದು ತಗದಾರ್ರಿ ಅಮ್ಮಾರ. ಕಾಲು ಕೆಳಗ ಇದ್ದೂವಂತ, ಅದಕ್ಕ."

ಅತ್ತೆ ಆರಾಮವಾಗಿ ಕುರ್ಚಿಗೆ ಒರಗಿದರು. "ಹಂಗಾದ್ರ ಇಕಿ ನಮ್ಮಾಕಿನ. ದಾರಿ ಬದಲ್ಯಾಗೇತಿ, ಅಷ್ಟ."

ಪಟ್ಟಿಯೊಳಗೆ ಮಲಗಿ ನಾನು ಯೋಚಿಸಿದೆ. ಈಗ ಕಾಲು ಮುಂದಾದ ಕೂಸುಗಳನ್ನು ಹೆಚ್ಚಾಗಿ ಹೀಗೇ ತೆಗೆಯುತ್ತಾರೆ. ಇನ್ನು ನಮ್ಮಂಥವರು ಹುಟ್ಟುವುದು ಅಪರೂಪ. ನಮ್ಮ ಕಸುಬು ನನ್ನೊಂದಿಗೇ ನಿಂತುಹೋಗುತ್ತದಲ್ಲ ಎಂದು ಒಂದು ಗಳಿಗೆ ಕೆಡುಕೆನಿಸಿತು. ಮರುಗಳಿಗೆ ನಮ್ಮವ್ವ ನೆನಪಾದಳು. ನನ್ನ ಕಾಲಿನ ಕೀರ್ತಿಗಾಗಿ ಅವಳು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ನಾನೇ ಕೊನೆಯವಳಾದರೆ ಒಳ್ಳೆಯದೇ ಅನ್ನಿಸಿತು.

ವಾರಗಳು ಉರುಳಿದವು. ಹೇಳಿಕೊಟ್ಟ ವ್ಯಾಯಾಮಗಳನ್ನು ಅತ್ತೆಯ ಕಾವಲಿನಲ್ಲಿ ಮಾಡಿದೆ. ಕುತ್ತಿಗೆ ಸಡಿಲಾಯಿತು, ರೊಟ್ಟಿ ಮತ್ತೆ ದುಂಡಗಾಯಿತು. ಒಂದು ಮುಂಜಾನೆ ಹೆಬ್ಬೆರಳಿಗೆ ನೆಲ ತಣ್ಣಗೆ ತಾಗಿತು. ಅಷ್ಟು ಸಣ್ಣ ಸುಖಕ್ಕೆ ಬಚ್ಚಲುಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮುಂದಿನ ಅಮಾವಾಸ್ಯೆಗೆ, 'ವಯಸ್ಸಾದ ಎಲುಬು, ಬರೀ ತಾಗಿಸಿ' ಎಂದು ಡಾಕ್ಟರು ಹೇಳಿದಂತೆ, ಅತ್ತೆಯ ಬೆನ್ನ ಮೇಲೆ ಪಾದ ಇಟ್ಟೆ. ಇಷ್ಟು ವರ್ಷ ಒದ್ದರೂ ಆ ಬೆನ್ನು ಎಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.

"ಒದಿಯೋದು ಮರತೀಯೇನು?" ಎಂದರು. ಆಮೇಲೆ ನೆಟ್ಟಗೆ ನಡೆದು ಹೊರಗೆ ಹೋಗಿ, "ನಮ್ಮ ಸೊಸಿ ಕಾಲು ಬಂದೈತಿ, ಬರ್ರಿ," ಎಂದು ಓಣಿಗೇ ಕೇಳಿಸಿದರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಈಗಲೂ ಆಗಾಗ ತೆಗೆದು ನೋಡಿಕೊಳ್ಳುತ್ತೇನೆ.

ಮರುದಿನವೇ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ ಬಸಪ್ಪ ಬಂದು ಗೋಡೆಗೆ ಮುಖ ಮಾಡಿ ನಿಂತ. ನಾನು ಕಾಲೆತ್ತಲಿಲ್ಲ. ಹಿಮ್ಮಡಿಯ ಮೇಲೆ ನಡೆಯಲು ಹೇಳಿದೆ. ಅವನ ಬಲಪಾದ ನನ್ನದರ ಹಾಗೆಯೇ ಜೋತುಬಿತ್ತು. ರಾಣೆಬೆನ್ನೂರಿಗೆ ಹೋಗು ಎಂದೆ. ಅವನು ಮತ್ತೆ ಗೋಡೆಗೆ ತಿರುಗಿ ನಿಂತ.

"ಡಾಕ್ಟರ ಕಡೆ ಹೋದ್ರ ಕೊಯ್ತಾರ್ರಿ ಅಕ್ಕಾರ. ಚೀಲಾ ಹೊರಾಕ ಆಗದಿದ್ರ ನಾ ಏನ್ ಮಾಡ್ಲಿ? ನಿಮ್ಮ ಕಾಲಿನ ಮ್ಯಾಲೆ ನಂಬಿಗಿ ಐತಿ, ಒಂದ ಸಲಾ ತಾಗಸ್ರಿ."

ಒದ್ದಿದ್ದರೆ ಅವನು ಕೈಮುಗಿದು, ಕಾಲೆಳೆಯುತ್ತ ಹೋಗಿಬಿಡುತ್ತಿದ್ದ. ನನ್ನ ಕಾಲಿಗೆ ಹೆಸರು ಕೊಟ್ಟ ಆ ನಂಬಿಕೆಯನ್ನೇ ನಾನು ಅವನ ಮುಂದಿಟ್ಟೆ.

"ಹೆದರಬ್ಯಾಡ, ಹೋಗು," ಎಂದೆ. "ಆಕೀನೂ ಕಾಲು ಮುಂದಾಗಿ ಬಂದಾಕಿ."