ಕಾಯಿಸಿದ ಹಾಲು, ಕುರಿಯ ಮೆದುಳು

ಮೊದಲು ಕಳೆದದ್ದು ಬಲಗಾಲಿನ ಚಪ್ಪಲಿ. ಹೊಸನಗರದ ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಗೆ ನಡೆದು ಬಂದು ನೋಡಿದರೆ ಕಾಲು ಬರಿದು. ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಮಾರನೆಯ ದಿನ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಆ ಕಾಲಿಟ್ಟೆ.

ಅದು ಅಲ್ಲಾಡಲಿಲ್ಲ.

ನಾನು ದರ್ಜಿ. ಕಾಲು ನಿಂತರೆ ಮಿಷನ್ ನಿಂತಿತು, ಮನೆ ನಡೆಯುವುದೂ ನಿಂತಿತು.

ಅದಕ್ಕೆ ಸ್ವಲ್ಪ ದಿನ ಮೊದಲು ಎದುರುಮನೆಯ ಗಿರಿಜಕ್ಕನ ಹಸು ಹುಚ್ಚು ನಾಯಿ ಕಚ್ಚಿ ಸತ್ತಿತ್ತು. ಅದರ ಹಾಲಿನ ಕಾಫಿ ಕುಡಿದ ಕೇರಿಯವರೆಲ್ಲ ಹೆದರಿ ಕೂತೆವು.

"ಎಂತಕ್ಕೂ ಸೂಜಿ ಹಾಕ್ಸಿಬಿಡಿ ಟೈಲರ್ರೇ. ನಮ್ಮನೆ ಹಾಲಿಂದ ನಿಮ್ಗೆ ಏನಾದ್ರೂ ಆದ್ರೆ ನಾನೆಂತ ಮಾಡ್ಲಿ?" ಎಂದು ಗಿರಿಜಕ್ಕ ಅತ್ತರು.

ದಿನಾ ಸಾಗರದ ಆಸ್ಪತ್ರೆಗೆ ಬಸ್ಸು, ದಿನಾ ಹೊಟ್ಟೆಗೊಂದು ಸೂಜಿ. ಬರುವಾಗ ಹೊಟ್ಟೆ ಹಿಡಿದುಕೊಂಡು ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದೆವು. ಅವರೆಲ್ಲ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ನನಗೊಬ್ಬನಿಗೇ ಯಾಕೆ ಹೀಗಾಯಿತು ಎಂದು ಕೇಳಿದರೆ ಯಾವ ಡಾಕ್ಟರೂ ಬಾಯಿ ಬಿಡಲಿಲ್ಲ.

ಹೆಂಡತಿ ಶಾರದೆ ನನ್ನನ್ನು ರೈಲಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಬೆನ್ನಿನಿಂದ ನೀರು ತೆಗೆದರು. ರಕ್ತ ತೆಗೆದರು. ಮತ್ತೆ ರಕ್ತ ತೆಗೆದರು. ತೆಗೆಯುವುದೇ ಹೊರತು ಹೇಳುವುದಿಲ್ಲ. ನನಗೆ ರೇಗಿಹೋಯಿತು. ಕೊನೆಗೆ ಲ್ಯಾಬಿನ ಡಾಕ್ಟರರೇ ಬಂದು ಮಂಚದ ಪಕ್ಕ ಕೂತರು.

"ಆ ಸೂಜಿಮದ್ದು ಕುರಿಯ ಮೆದುಳಿನಿಂದ ಮಾಡೋದು. ಅದನ್ನ ಎದುರಿಸೋಕೆ ಹೊರಟ ನಿಮ್ಮ ರಕ್ತ ನಿಮ್ಮ ನರದ ಪೊರೆಯನ್ನೇ ಹರಿದ ಹಾಗಿದೆ. ನಮ್ಮ ಲ್ಯಾಬಿನ ಮೊಲಗಳಿಗೆ ಮೆದುಳಿನ ಅಂಶ ಚುಚ್ಚಿದ್ರೂ ಹೀಗೇ ಆಗುತ್ತೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ, ನರದ ಪೊರೆ ಪದೇ ಪದೇ ಹರಿಯೋ ಕಾಯಿಲೆಗೂ ಇದೇ ಕಾರಣ ಇರಬಹುದಾ ಅಂತ ಹುಡುಕ್ತಿದೀವಿ."

"ನನಗಿರೋದು ಅದೇನಾ ಸಾರ್?"

"ಮತ್ತೆ ಮತ್ತೆ ಬಂದ್ರೆ ಅದು ಅನ್ಬೇಕಾಗುತ್ತೆ. ಬರದಿದ್ರೆ ಸೂಜಿಯದ್ದು. ಕಾದು ನೋಡ್ಬೇಕು." ಆಮೇಲೆ ಕೇಳಿದರು: "ಹಾಲು ಕಾಯಿಸಿ ಕುಡಿದಿದ್ರಾ?"

"ಕಾಯಿಸ್ದೆ ಕಾಫಿ ಹೆಂಗೆ ಮಾಡ್ತಾರೆ?"

"ಕಾಯಿಸಿದ ಹಾಲಿಂದ ಆ ರೋಗ ಬರಲ್ಲ. ಹಾಗಾದ್ರೆ ಸೂಜಿಯೇ ಬೇಕಿರಲಿಲ್ಲ."

ಶಾರದೆ ಕಿಟಕಿಯ ಕಡೆ ತಿರುಗಿದಳು.

ಹೊರಡುವ ದಿನ ಲ್ಯಾಬಿನ ಮೊಲಗಳನ್ನು ನೋಡಿದೆ. ಒಂದು ಹಿಂಗಾಲು ಎಳೆದುಕೊಂಡು ಸೊಪ್ಪಿನ ಕಡೆ ಬರುತ್ತಿತ್ತು. ಅದನ್ನು ಯಾರೂ ಏನೂ ಕೇಳಿರಲಿಲ್ಲ. ನನ್ನನ್ನೂ ಕೇಳಿರಲಿಲ್ಲ. ಆದರೂ ಮುಂದಿನ ಸಲ ರಕ್ತ ಕೇಳಿದರೆ ಕೊಡುತ್ತೇನೆ ಎಂದು ಡಾಕ್ಟರರಿಗೆ ಹೇಳಿದೆ. ಇನ್ನೊಬ್ಬ ಕೇಳಿದಾಗಲಾದರೂ ಅವರ ಹತ್ತಿರ ಉತ್ತರ ಇರಲಿ.

ಈಗ ಎದ್ದ ಕೂಡಲೇ ಕಾಲ್ಬೆರಳು ಅಲ್ಲಾಡಿಸಿ ನೋಡಿಕೊಳ್ಳುತ್ತೇನೆ. ಭಯ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಮಿಷನ್ನಿನ ಗಾಲಿಯನ್ನು ಶಾರದೆ ಕೈಯಲ್ಲಿ ತಿರುಗಿಸುತ್ತಾಳೆ, ನಾನು ಬಟ್ಟೆ ಹಿಡಿಯುತ್ತೇನೆ. ನಿನ್ನೆ ಅವಳ ಕೈ ಸರಿಸಿ ಅದೇ ಬಲಗಾಲಿನಿಂದ ನಾನೇ ಪೆಡಲ್ ಒತ್ತಿದೆ. ಗಿರಿಜಕ್ಕನ ರವಿಕೆಯ ಒಂದು ತೋಳು ಮುಗಿಯಿತು.

"ರೀ, ಹೊಲಿಗೆ ಸೊಟ್ಟ ಆಯ್ತು."

ಸೊಟ್ಟ ಹೊಲಿಗೆಯನ್ನು ನಾನು ಯಾವತ್ತೂ ಹಾಗೇ ಬಿಟ್ಟವನಲ್ಲ. ಇದನ್ನು ಬಿಚ್ಚಲಿಲ್ಲ.