ಎಲ್ಲರ ನಂಬರೂ ದೂಮಪ್ಪ ಮಾವನದೇ

ನನ್ನ ಸೋದರಮಾವ ದೂಮಪ್ಪನವರದು ಕಾಪು ಕಡಲ ಬದಿಯಲ್ಲಿ ದೋಣಿ ಇಂಜಿನ್ ರಿಪೇರಿಯ ಅಂಗಡಿ. ಅವರಿಗೆ ಬುದ್ಧಿ ಹೇಳುವುದಕ್ಕಿಂತ ಬಂಡೆಗೆ ತಲೆ ಚಚ್ಚಿಕೊಳ್ಳುವುದು ಸುಲಭ. ಪಡುಬಿದ್ರಿಯಲ್ಲಿ ದೋಣಿ ಇಂಜಿನ್‌ಗಳ ಹೊಸ ಶೋರೂಂ ಬಂದ ಮೇಲೆ ದೋಣಿಯ ಹುಡುಗರೆಲ್ಲ ಮೊಬೈಲಿನಲ್ಲಿ ಹುಡುಕಿ ಅಲ್ಲಿಗೇ ಹೋಗತೊಡಗಿದರು. ಮಳೆಗಾಲಕ್ಕೆ ನಾಡದೋಣಿ ಇಳಿಸುವ ಮುಂಚಿನ ಕೆಲಸವೂ ತಪ್ಪಿದರೆ ಅಂಗಡಿ ಮುಚ್ಚಬೇಕಾದೀತೆಂದು ಕಮಲ ಅತ್ತೆ ನನ್ನೆದುರು ಕಣ್ಣೊರೆಸಿಕೊಂಡರು.

ಮಣಿಪಾಲದಲ್ಲಿ ವೆಬ್‌ಸೈಟ್ ಮಾಡುವುದೇ ನನ್ನ ಕೆಲಸ. ಮಾವನಿಗೂ ಒಂದು ಮಾಡಿಕೊಟ್ಟೆ. ಅಂಗಡಿಗಳ ವಿವರವಿರುವ ಆನ್‌ಲೈನ್ ಡೈರೆಕ್ಟರಿಗಳಿಂದ ಸೈಟಿಗೆ ಲಿಂಕ್ ಸಿಕ್ಕಿದರೆ ಹುಡುಕಿದವರಿಗೆ ಅಂಗಡಿ ಬೇಗ ಕಾಣುತ್ತದೆ. ಆದರೆ ಹೆಸರು, ವಿಳಾಸ, ಫೋನ್ ಎಲ್ಲ ಕಡೆ ಒಂದೇ ಇರಬೇಕು. ಮಾವ ಏನು ಮಾಡಿಟ್ಟಿದ್ದರು ಗೊತ್ತೇ? ಡೈರೆಕ್ಟರಿಯವರು ಕೇಳಿದಾಗಲೆಲ್ಲ ಒಂದೊಂದು ನಂಬರ್ ಕೊಟ್ಟಿದ್ದರು. ಒಂದರಲ್ಲಿ ಅತ್ತೆಯದು, ಇನ್ನೊಂದರಲ್ಲಿ ಐಸ್ ಪ್ಲಾಂಟಿನದು, ಎಲ್ಲಕ್ಕಿಂತ ದೊಡ್ಡದರಲ್ಲಿ ಪಕ್ಕದಲ್ಲಿ ಅಕ್ಕಿ-ಬೇಳೆ ಮಾರುವ ಜೀನಸು ಅಂಗಡಿಯ ವಿಠಲಣ್ಣನದು!

“ಇದೆಂತ ಮಾವ?”

“ನನ್ನ ಕೈಯಲ್ಲಿ ಗ್ರೀಸ್ ಇರ್ತದೆ. ಅವರಿಗೆ ಮಾಡಿದರೆ ನನ್ನನ್ನು ಕರೀತಾರೆ. ಮೊದಲಿಂದಲೂ ಹಾಗೆಯೇ ಅಲ್ವಾ?”

ಮನೆಯಲ್ಲಿ ಫೋನಿಲ್ಲದ ಕಾಲದಲ್ಲಿ ನೆರೆಯವರ ನಂಬರ್ ಕೊಡುತ್ತಿದ್ದ ಪದ್ಧತಿ ಇವರ ಪಾಲಿಗೆ ಇನ್ನೂ ಮುಗಿದಿರಲಿಲ್ಲ. ಕಂಪ್ಯೂಟರಿಗೆ ನೆರೆಹೊರೆ ಗೊತ್ತೇ? ಅದರ ಪ್ರಕಾರ ಇವೆಲ್ಲ ಬೇರೆ ಬೇರೆ ಅಂಗಡಿಗಳು. ಉಳಿದವನ್ನು ಹೇಗೋ ತಿದ್ದಿದೆ. ವಿಠಲಣ್ಣನ ನಂಬರ್ ಬದಲಿಸಲು ಅವರ ಮೊಬೈಲಿಗೆ ಬರುವ ಒಟಿಪಿ ಬೇಕಿತ್ತು. ಮಾವನೋ ಅವರೊಡನೆ ಮಾತು ಬಿಟ್ಟಿದ್ದರು. ತಮ್ಮ ಮಗಳ ಮದುವೆಗೆ ವಿಠಲಣ್ಣ ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಮದುವೆ ಕಾಗದ ಕಳುಹಿಸಿದ್ದರಂತೆ.

“ಅಂಗಡಿ ಮುಚ್ಚಿದರೂ ಅವನ ಹತ್ತಿರ ಹೋಗುವುದಿಲ್ಲ,” ಎಂದರು ಮಾವ.

ನನಗೆ ರೇಗಿಹೋಯಿತು. “ಮುಚ್ಚಿ ಹಾಗಾದರೆ. ಅತ್ತೆಗೆ ನೀವೇ ಹೇಳಿ,” ಎಂದು ಲ್ಯಾಪ್‌ಟಾಪ್ ಮಡಚಿದೆ. ಮಾವ ಗೊಣಗುತ್ತಾ ಎದ್ದರು. ನಾನೂ ಲ್ಯಾಪ್‌ಟಾಪ್ ಹಿಡಿದು ಹಿಂದೆಯೇ ಹೋದೆ.

ವಿಠಲಣ್ಣ ನಮಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು. “ಊಟಕ್ಕೆ ಕೂತರೆ ನಿನ್ನ ಇಂಜಿನ್, ಮಲಗಿದರೆ ನಿನ್ನ ಇಂಜಿನ್! ಮದುವೆ ಹಾಲ್‌ನಲ್ಲಿ ನಿಂತು ಒಬ್ಬನಿಗೆ ಫೋನಿನಲ್ಲಿ ನಿನ್ನ ಅಂಗಡಿಯ ದಾರಿ ಹೇಳಿದ್ದೇನೆ ಮಾರಾಯ. ನೀನು ಮಾತ್ರ ಬರಲಿಲ್ಲ.”

ಅಷ್ಟರಲ್ಲಿ ನಾನು ಅವರ ಮೊಬೈಲಿಗೆ ಕಳುಹಿಸಿದ್ದ ಒಟಿಪಿಯ ಸಮಯ ಮುಗಿದಿತ್ತು. ಮತ್ತೆ ಕಳುಹಿಸಿದೆ. ವಿಠಲಣ್ಣ ಕನ್ನಡಕ ಹುಡುಕುವಷ್ಟರಲ್ಲಿ ಅದೂ ಹೋಯಿತು. ಕಡೆಗೆ ಅವರ ಮೊಬೈಲನ್ನು ನಾನೇ ಕಿತ್ತುಕೊಂಡೆ. ಅಂತೂ ಎಲ್ಲ ಕಡೆ ಒಂದೇ ನಂಬರ್ ಆಯಿತು. ಇನ್ನಾದರೂ ಹುಡುಕಿದವರಿಗೆ ಅಂಗಡಿ ಸಿಕ್ಕೀತು.

“ಹಾಗಾದರೆ ಇನ್ನು ಯಾರೂ ನನಗೆ ಫೋನ್ ಮಾಡುವುದಿಲ್ಲ ಅಲ್ವಾ?” ಎಂದರು ವಿಠಲಣ್ಣ. ಆ ದನಿಯಲ್ಲಿ ನೆಮ್ಮದಿಯೇನೂ ಇರಲಿಲ್ಲ.

ಮಾವ ಮೆಟ್ಟಿಲಿಳಿಯುತ್ತಿದ್ದವರು ನಿಂತರು.

“ಮಗಳು ಅಳಿಯ ಯಾವಾಗ ಬರುವುದು?” ಎಂದು ಗದರಿದರು. “ಊಟಕ್ಕೆ ನಮ್ಮಲ್ಲಿಗೆ ಕಳುಹಿಸು. ಕರೆಯಲಿಕ್ಕೆ ನಾನೇ ಬರ್ತೇನೆ.”